ಚಕ್ಕುಬಂದಿ

ಜಮೀನಿನ ಕಾಗದ ಅಂದರೆ ನಮಗೆ ಹೆದರಿಕೆ. ಅಕ್ಷರ ಗೊತ್ತು, ಪದ ಗೊತ್ತಿಲ್ಲ. ಇವತ್ತು ಅಂಥ ಮೂರು ಪದ ಕಲಿಯೋಣ.

ಹ-ದ್ದು-ಬ-ಸ್ತು. ಹದ್ದುಬಸ್ತು.

ಇದನ್ನು ಓದಿ ನಾವೆಲ್ಲ ನಕ್ಕೆವು. ಆಕಾಶದ ಹದ್ದಿಗೆ ಹೊಲದಲ್ಲಿ ಏನು ಕೆಲಸ? ಆದರೆ ಇದು ಬೇರೆ ಹದ್ದು. ಇಲ್ಲಿ ಹದ್ದು ಅಂದರೆ ಎಲ್ಲೆ. 'ಹದ್ದು ಮೀರಿ ಮಾತಾಡಬೇಡ' ಅಂತ ನಾವೇ ಬೈತೀವಲ್ಲ, ಅದೇ ಹದ್ದು. ಜಮೀನು ಅಳೆದು ಎಲ್ಲೆ ಗುರುತಿಸುವುದೇ ಹದ್ದುಬಸ್ತು.

ಖ-ರಾ-ಬು. ಖರಾಬು.

'ತಲೆ ಖರಾಬಾಯ್ತು' ಅಂತೀವಿ. ಪಹಣಿಯಲ್ಲಿ ಖರಾಬು ಎಂದರೆ ಬೇಸಾಯಕ್ಕೆ ಬಾರದ ನೆಲ. ಬಂಡೆ, ಹಳ್ಳ, ದಾರಿ ಇಂಥವು. ಒಟ್ಟು ಜಮೀನು 2 ಎಕರೆ 10 ಗುಂಟೆ. ಖರಾಬು 4 ಗುಂಟೆ. ಉಳಿದದ್ದು 2 ಎಕರೆ 6 ಗುಂಟೆ. 40 ಗುಂಟೆಗೆ ಒಂದು ಎಕರೆ, ನೆನಪಿರಲಿ.

ಚ-ಕ್ಕು-ಬಂ-ದಿ. ಚಕ್ಕುಬಂದಿ.

ನಾಲ್ಕು ದಿಕ್ಕಿಗೆ ಏನೇನಿದೆ ಎಂದು ಬರೆಯುವುದು ಚಕ್ಕುಬಂದಿ. ಈ ಪದ ಓದಿದಾಗ ನಮ್ಮ ಜೊತೆ ಕಲಿಯುವ ಅಕ್ಕ ಒಬ್ಬರು ಸುಮ್ಮನಾದರು. ಆಮೇಲೆ ಹೇಳಿದರು.

ಅವರ ಮನೆಯವರು ರಸ್ತೆ ಕಡೆಯ ಹೊಲ ಮಾರಿದರು. ಹಿಂದಿನ ಹೊಲ ಉಳಿಸಿಕೊಂಡರು. 'ನಿಮ್ಮ ಬಂಡಿ ನಮ್ಮ ಹೊಲದಲ್ಲೇ ಹೋಗಲಿ' ಎಂದು ಕೊಂಡವರು ಬಾಯಲ್ಲಿ ಹೇಳಿದ್ದರು. ಕ್ರಯಪತ್ರದಲ್ಲಿ ಹೀಗೆ ಇತ್ತು: 'ಪೂರ್ವಕ್ಕೆ ರಸ್ತೆ. ಪಶ್ಚಿಮಕ್ಕೆ ಮಾರಿದವರ ಉಳಿದ ಜಮೀನು.' ಬಂಡಿದಾರಿಯ ಮಾತೇ ಇಲ್ಲ. ಮರುವರ್ಷ ಬೇಲಿ ಬಿತ್ತು. ಈಗ ರಾಗಿ ಹೊರೆಯನ್ನು ಪಕ್ಕದವರ ಬದುವಿನ ಮೇಲೆ ತಲೆಹೊರೆಯಲ್ಲಿ ತರುತ್ತಾರೆ.

"ಓದಿ ಹೇಳಿದ್ರು, ಕೇಳಿದೆ. ಚಕ್ಕುಬಂದಿ ಅಂದ್ರೇನು ಅಂತ ಕೇಳಲಿಲ್ಲ. ಹೆಬ್ಬೆಟ್ಟು ಒತ್ತಿದೆ."

ಅವತ್ತು ಏನು ಬರೆಸಬೇಕಿತ್ತು? ಎಲ್ಲರೂ ಯೋಚಿಸಿದೆವು. ಒಬ್ಬರು 'ದಾರಿ ಇದೆ' ಎಂದು ಬರೆದರು. ಎಲ್ಲಿ? ಎಷ್ಟು ಅಗಲ? ಅಳಿಸಿದೆವು. ಕೊನೆಗೆ ಆ ಅಕ್ಕನೇ ಸ್ಲೇಟು ತೆಗೆದುಕೊಂಡು ನಿಧಾನವಾಗಿ ಬರೆದರು:

'ಈ ಹೊಲದ ಉತ್ತರದ ಬದುವಿನ ಪಕ್ಕದಲ್ಲಿ, ರಸ್ತೆಯಿಂದ ಹಿಂದಿನ ಹೊಲದವರೆಗೆ, 10 ಅಡಿ ಅಗಲದ ಬಂಡಿದಾರಿ ಇದೆ.'

ಇದನ್ನು ಎರಡು ಸಲ ಜೋರಾಗಿ ಓದಿರಿ. ಉತ್ತರದ, ರಸ್ತೆಯಿಂದ, ಹೊಲದವರೆಗೆ, 10 ಅಡಿ. ಇವುಗಳಲ್ಲಿ ಒಂದನ್ನು ಬಿಟ್ಟು ಓದಿ ನೋಡಿ. ದಾರಿ ಎಲ್ಲಿದೆ, ತಿಳಿಯುತ್ತದೆಯೇ?

ಈಗ ನಿಮ್ಮ ಮನೆಯ ಚಕ್ಕುಬಂದಿ ಬರೆಯಿರಿ. 'ಪೂರ್ವಕ್ಕೆ ಮರ' ಎಂದು ಮಾತ್ರ ಬರೆಯಬೇಡಿ. ಯಾವ ಮರ? ನಾಳೆ ಅದನ್ನು ಕಡಿದರೆ?