ಚೀಟಿಯ ಬೆಲೆ, ನಾದದ ಬೆಲೆ

ಹಳೆಯ ವಸ್ತುವಿಗೆ ಬೆಲೆ ಕಟ್ಟುವುದು ಸುಲಭವಾದ ಕೆಲಸವಲ್ಲ. ಅದರಲ್ಲಿಯೂ ವಸ್ತುವನ್ನು ಕೈಯಲ್ಲಿ ಹಿಡಿದು ನೋಡದೆ, ಅಂತರ್ಜಾಲದ ಚಿತ್ರವೊಂದನ್ನೇ ನೆಚ್ಚಿ ಕೊಳ್ಳಬೇಕಾದಾಗ ಕಷ್ಟವು ಇಮ್ಮಡಿಯಾಗುತ್ತದೆ. ಗಿಟಾರಿನಲ್ಲಿ ಆಸಕ್ತಿಯುಳ್ಳ ಮಿತ್ರರಿಗೆ ಉಪಯೋಗವಾದೀತೆಂದು, ಹಳೆಯ ವಾದ್ಯಗಳ ಬಿಡಿಭಾಗಗಳ ಬೆಲೆಯನ್ನು ಪರೀಕ್ಷಿಸುವ ಬಗೆಯನ್ನು ಒಂದು ಪ್ರಸಿದ್ಧ ಉದಾಹರಣೆಯ ಮೂಲಕ ಇಲ್ಲಿ ವಿವೇಚಿಸುತ್ತೇನೆ.

ವಿದ್ಯುತ್ ಗಿಟಾರಿನ ತಂತಿಗಳ ಕೆಳಗೆ ‘ಪಿಕಪ್’ ಎಂಬ ಭಾಗವಿರುತ್ತದೆ. ಅಯಸ್ಕಾಂತ ಮತ್ತು ತಾಮ್ರದೆಳೆಯ ಸುರುಳಿ ಇವೇ ಅದರ ಮುಖ್ಯಾಂಗಗಳು. ಉಕ್ಕಿನ ತಂತಿ ಕಂಪಿಸಿದರೆ ಸುರುಳಿಯಲ್ಲಿ ಅಲ್ಪ ವಿದ್ಯುತ್ತು ಹುಟ್ಟುತ್ತದೆ. ಒಂದೇ ಸುರುಳಿಯಿದ್ದರೆ ಸುತ್ತಣ ವಿದ್ಯುತ್ ಉಪಕರಣಗಳ ಗುಂಯ್‌ಗುಡುವಿಕೆಯೂ ಅದರೊಳಗೆ ಸೇರಿಕೊಳ್ಳುತ್ತದೆ. ಅಮೆರಿಕದ ಗಿಬ್ಸನ್ ಕಂಪನಿಯಲ್ಲಿದ್ದ ಸೇತ್ ಲವರ್ ಎಂಬಾತನು ಎರಡು ಸುರುಳಿಗಳನ್ನು ಪರಸ್ಪರ ವಿರುದ್ಧವಾಗಿ ಜೋಡಿಸಿ, ಅವುಗಳ ಧ್ರುವಗಳನ್ನೂ ವಿರುದ್ಧವಾಗಿರಿಸಿದನು. ಇದರಿಂದ ಹೊರಗಿನ ಸದ್ದು ಕಳೆದುಹೋಗಿ ತಂತಿಯ ನಾದ ಮಾತ್ರ ಕೂಡಿಕೊಂಡಿತು.

ಈ ರಚನೆಯ ಪೇಟೆಂಟಿಗೆ 1955ರಲ್ಲಿ ಅರ್ಜಿ ಸಲ್ಲಿಸಲಾಯಿತು. ಅದು ದೊರೆತದ್ದು 1959ರಲ್ಲಿ. 1957ರಿಂದ ಸುಮಾರು 1962ರವರೆಗೆ ಈ ಪಿಕಪ್ಪುಗಳ ಅಡಿಯಲ್ಲಿ ‘ಪೇಟೆಂಟ್ ಅಪ್ಲೈಡ್ ಫಾರ್’, ಎಂದರೆ ಪೇಟೆಂಟಿಗೆ ಅರ್ಜಿ ಹಾಕಲಾಗಿದೆ ಎಂಬ ಸಣ್ಣ ಚೀಟಿಯನ್ನು ಅಂಟಿಸುತ್ತಿದ್ದರು. ಬಳಿಕ ಪೇಟೆಂಟಿನ ಸಂಖ್ಯೆಯುಳ್ಳ ಚೀಟಿ ಬಂದಿತು. ವಿನೋದವೆಂದರೆ, ಅದರಲ್ಲಿದ್ದ 2737842 ಎಂಬುದು ಪಿಕಪ್ಪಿನ ಸಂಖ್ಯೆಯೇ ಅಲ್ಲ. ಲೆಸ್ ಪಾಲ್ ಎಂಬ ವಾದಕನು ತಂತಿ ಬಿಗಿಯುವ ಭಾಗಕ್ಕೆ ಪಡೆದ ಪೇಟೆಂಟಿನದು! ಪಿಕಪ್ಪಿನ ನಿಜವಾದ ಸಂಖ್ಯೆ 2896491.

ಚೀಟಿ ಬದಲಾದ ದಿನ ಪಿಕಪ್ಪು ಬದಲಾಗಲಿಲ್ಲ. ಸಂಖ್ಯೆಯ ಚೀಟಿ ಹೊತ್ತ ಮೊದಮೊದಲಿನವು ಹಿಂದಿನವುಗಳಂತೆಯೇ ಇದ್ದವು. ಆದರೂ ಇಂದು ಮೊದಲ ಚೀಟಿಯದಕ್ಕೆ ಬಹಳ ಹೆಚ್ಚು ಬೆಲೆ. ಹಾಗಾದರೆ ಕೊಳ್ಳುವವನು ಹಣ ತೆರುವುದು ನಾದಕ್ಕೋ, ಚೀಟಿಗೋ? ಚೀಟಿಗೆಂದು ತಿಳಿದೇ ತೆತ್ತರೆ ಅದು ಸಂಗ್ರಾಹಕನ ಇಷ್ಟ. ನಾದಕ್ಕೆಂದು ನಂಬಿ ತೆತ್ತರೆ ಅದು ನಷ್ಟವೇ ಸರಿ.

ಇನ್ನು ಮಾರುವವರು ಮುಂದಿಡುವ ಸಾಕ್ಷ್ಯಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಚೀಟಿ. ಅದನ್ನು ಯಾರು ಬೇಕಾದರೂ ಅಚ್ಚುಹಾಕಿಸಬಹುದು. ಆದಕಾರಣ ಅದೊಂದೇ ಪ್ರಮಾಣವಾಗಲಾರದು. ಎರಡನೆಯದು ವಿದ್ಯುತ್ ರೋಧದ ಅಳತೆ. ಆ ಕಾಲದವು ಸಾಮಾನ್ಯವಾಗಿ 7,000ದಿಂದ 9,000 ಓಮ್‌ವರೆಗೆ ತೋರುತ್ತವೆ. ಸುತ್ತುಗಳ ಎಣಿಕೆ ಒಂದೇ ಸಮನಾಗಿರದ್ದರಿಂದ ಈ ವ್ಯತ್ಯಾಸ. ಸುರುಳಿ ಕಡಿದಿಲ್ಲವೆಂಬುದನ್ನು ಈ ಅಳತೆ ತಿಳಿಸುತ್ತದೆ, ವಯಸ್ಸನ್ನಲ್ಲ. ನಿನ್ನೆ ಸುತ್ತಿದ ಎಳೆಯೂ ಅದೇ ಅಂಕಿಯನ್ನು ತೋರಬಹುದು. ಮೂರನೆಯದು ಬಣ್ಣ. 1959ರ ಸುಮಾರಿಗೆ ಕೆಲವು ಸುರುಳಿಗಳ ಚೌಕಟ್ಟು ಕಪ್ಪಿನ ಬದಲು ಕೆನೆಬಣ್ಣದ್ದಾಗಿತ್ತು. ಲೋಹದ ಮುಚ್ಚಳದೊಳಗೆ ಕಾಣದೆ ಇದ್ದ ಈ ಬಣ್ಣಕ್ಕೂ ಇಂದು ಹೆಚ್ಚಿನ ಬೆಲೆಯುಂಟು. ಬಣ್ಣ ಹಾಡುವುದಿಲ್ಲವಷ್ಟೆ! ಅದನ್ನು ತೋರಿಸಲು ಮುಚ್ಚಳದ ಮೂಲ ಬೆಸುಗೆಯನ್ನು ಬಿಡಿಸಬೇಕಾಗುತ್ತದೆ. ಬಿಡಿಸಿದ ಮೇಲೆ ಒಂದು ಸಾಕ್ಷ್ಯವೇ ಅಳಿದಂತಾಯಿತು.

ಆದುದರಿಂದ ಕೊಳ್ಳುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕೆಂದು ನನ್ನ ಅಭಿಪ್ರಾಯ. ಇದೇ ಕೆಲಸವನ್ನು ಮಾಡುವ ಹೊಸ ಭಾಗಕ್ಕೆ ಎಷ್ಟು ಬೆಲೆ? ಅದಕ್ಕಿಂತ ಹೆಚ್ಚಾಗಿ ಕೇಳುವ ಹಣಕ್ಕೆ ಸಾಕ್ಷ್ಯವೇನು? ಇಂಥದೇ ವಸ್ತು ನಿಜವಾಗಿ ಮಾರಾಟವಾದದ್ದು ಎಷ್ಟಕ್ಕೆ? ಕೇಳಿದ ಬೆಲೆ ಬೇರೆ, ಕೊಟ್ಟ ಬೆಲೆ ಬೇರೆ. ವರ್ಷಾನುಗಟ್ಟಲೆ ಮಾರಾಟವಾಗದೆ ಕುಳಿತ ವಸ್ತುವಿನ ಬೆಲೆಯು ಮಾರುವವನ ಆಸೆಯನ್ನಷ್ಟೇ ಹೇಳುತ್ತದೆ. ದೂರದೇಶದಿಂದ ತರಿಸುವವರು ಸಾಗಣೆ, ಸುಂಕಗಳನ್ನೂ ಲೆಕ್ಕಕ್ಕೆ ಸೇರಿಸಬೇಕು.

ಈ ವಿವೇಚನೆ ಕೇವಲ ಜೇಬಿನ ರಕ್ಷಣೆಗಲ್ಲ. ಬಿಡಿಭಾಗಗಳ ಬೆಲೆಗಳನ್ನು ಕೂಡಿಸಿದರೆ ಕೆಲವೊಮ್ಮೆ ಇಡೀ ವಾದ್ಯದ ಬೆಲೆಯನ್ನೂ ಮೀರುತ್ತದೆ. ಆಗ ಸುಸ್ಥಿತಿಯಲ್ಲಿರುವ ಗಿಟಾರನ್ನು ಬಿಚ್ಚಿ ಪಿಕಪ್ಪು, ಗುಂಡಿ, ತಿರುಪುಗಳನ್ನು ಬೇರೆಬೇರೆಯಾಗಿ ಮಾರುವವರೂ ಹುಟ್ಟಿಕೊಳ್ಳುತ್ತಾರೆ. ಇದು ವಿಗ್ರಹವನ್ನು ಮಾರಲೆಂದು ಗುಡಿಯನ್ನೇ ಕೆಡವಿದಂತೆ. ಅರ್ಧ ಶತಮಾನಕ್ಕೂ ಮಿಕ್ಕಿ ಹಾಡಿದ ವಾದ್ಯವೊಂದು ಹೀಗೆ ಮೂಕವಾಗುವುದಕ್ಕೆ ಮಾರುವವನ ಲೋಭವೆಷ್ಟು ಕಾರಣವೋ, ವಿಚಾರಿಸದೆ ಕೊಳ್ಳುವವನ ಮೋಹವೂ ಅಷ್ಟೇ ಕಾರಣ. ಹಳೆಯದನ್ನು ಗೌರವಿಸೋಣ, ಆದರೆ ಬೆಲೆಯನ್ನು ಕಣ್ಣಿಗಿಂತ ಮೊದಲು ಕಿವಿಯೂ ಬುದ್ಧಿಯೂ ಒಪ್ಪಲಿ.