ಹಳೆ ರಿವಾಲ್ವರಿನ ಹೊಳಪು: ಕಾರ್ಖಾನೆಯದ್ದಾ, ಆಮೇಲಿನದ್ದಾ?

ಕಳೆದ ಸೆಮಿಸ್ಟರ್‌ನ ಒಂದು ಶನಿವಾರ ನಾವು ಐದು ಜನ ಲ್ಯಾಪ್‌ಟಾಪ್ ಮುಂದೆ ಕೂತು ಎರಡು ಹಳೆ ಸ್ಮಿತ್ ಅಂಡ್ ವೆಸನ್ ರಿವಾಲ್ವರ್‌ಗಳ ಫೋಟೋ ನೋಡ್ತಾ ಇದ್ವಿ. ಎರಡೂ ನೂರು ವರ್ಷ ದಾಟಿದವು, ಎರಡಕ್ಕೂ ನಿಕಲ್ ಲೇಪ. ಒಂದು ಕನ್ನಡಿ ಹಾಗೆ ಹೊಳೀತಿತ್ತು. ಇನ್ನೊಂದರಲ್ಲಿ ನಿಕಲ್ ಅಲ್ಲಲ್ಲಿ ಎದ್ದು ಹೋಗಿತ್ತು, ಉಳಿದದ್ದು ಹಾಲಿನ ಕೆನೆ ಥರ ಮಂಕು. ಇವೆರಡರಲ್ಲಿ ಕಾರ್ಖಾನೆಯ ಮೂಲ ಲೇಪ ಯಾವುದರದ್ದು ಅನ್ನೋ ಪ್ರಶ್ನೆಗೆ ಐವರೂ ಹೊಳೆಯೋದನ್ನೇ ತೋರಿಸಿದ್ವಿ. ಐವರದ್ದೂ ತಪ್ಪು.

ಮೊದಲೇ ಹೇಳಿಬಿಡ್ತೀವಿ, ನಮ್ಮ ಹತ್ತಿರ ರಿವಾಲ್ವರ್ ಇಲ್ಲ. 1959ರ ಆಯುಧ ಕಾಯ್ದೆ ಇರೋ ದೇಶದಲ್ಲಿ ಹಾಸ್ಟೆಲ್ ರೂಮಿಗೆ ಅದು ಬರೋದೂ ಬೇಡ. ನಮಗೆ ಬೇಕಾಗಿದ್ದು ಲೋಹದ ಕಥೆ. ಮೊದಲ ವರ್ಷದ ಕೆಮಿಸ್ಟ್ರಿಯಲ್ಲಿ ಎಲೆಕ್ಟ್ರೋಪ್ಲೇಟಿಂಗ್ ಓದಿ, ಬರೆದು, ಮರೆತಿದ್ದೆವಲ್ಲ, ಅದೇ ಪಾಠ ಇಲ್ಲಿ ದುಡ್ಡಿನ ಪ್ರಶ್ನೆ ಆಗುತ್ತೆ. ಅಮೆರಿಕದ ಸಂಗ್ರಾಹಕರು ಸವೆದ ಮೂಲ ಲೇಪಕ್ಕೆ ಕೊಡುವ ಬೆಲೆಯನ್ನು ಹೊಳೆಯುವ ಮರುಲೇಪಕ್ಕೆ ಕೊಡೋದಿಲ್ಲ. ಹಾಗಾಗಿ ಮರುಲೇಪವನ್ನು ಮೂಲ ಅಂತ ಮಾರೋರೂ ಇದ್ದಾರೆ, ಗೊತ್ತಿಲ್ಲದೆ ಕೊಂಡು ಮೋಸ ಹೋಗೋರೂ ಇದ್ದಾರೆ.

ನಾವು ಮಾಡಿದ ತಪ್ಪು ಏನಂದ್ರೆ, ಲೇಪವನ್ನೇ ನೋಡಿದ್ದು. ನೋಡಬೇಕಾದದ್ದು ಲೇಪದ ಕೆಳಗಿನ ಉಕ್ಕನ್ನು. ಲೇಪ ಯಾವಾಗ ಬೇಕಾದ್ರೂ ಮತ್ತೆ ಹಾಕಬಹುದು. ಆದರೆ ಹೊಸದು ಹಾಕೋಕೆ ಮುಂಚೆ ಹಳೆಯದನ್ನು ತೆಗೆದು ಪಾಲಿಶ್ ಮಾಡಬೇಕು. ಪಾಲಿಶ್ ಅಂದ್ರೆ ಉಕ್ಕನ್ನು ಚೂರು ಚೂರೇ ಕೆರೆದು ತೆಗೆಯೋದು. ಹೋದ ಉಕ್ಕು ಮತ್ತೆ ಬರಲ್ಲ.

ನಮ್ಮ ಮನೆಗಳಲ್ಲಿ ಇದರ ಉದಾಹರಣೆ ಇದ್ದೇ ಇದೆ. ಅಜ್ಜಿ ಮದುವೇಲಿ ಬಂದ ಹಿತ್ತಾಳೆ ಕೊಡದ ಕಂಠದಲ್ಲಿ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆಸಿರ್ತಾರೆ. ವರ್ಷಗಟ್ಟಲೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದ ಮೇಲೆ ಕೊಡ ಫಳಫಳ ಅನ್ನುತ್ತೆ, ಹೆಸರು ಮಾತ್ರ ಅರ್ಧ ಅಳಿಸಿರುತ್ತೆ. ರಿವಾಲ್ವರ್‌ಗೂ ಅಷ್ಟೇ.

ಬ್ಯಾರೆಲ್ ಮೇಲೆ ಕಂಪನಿ ಹೆಸರನ್ನು ಒತ್ತುವಾಗ ಅಚ್ಚು ಉಕ್ಕನ್ನು ಕತ್ತರಿಸಲ್ಲ, ಪಕ್ಕಕ್ಕೆ ತಳ್ಳುತ್ತೆ. ಕೆಸರಲ್ಲಿ ಹೆಜ್ಜೆ ಇಟ್ಟರೆ ಸುತ್ತ ಏರಿ ಏಳುತ್ತಲ್ಲ, ಹಾಗೆ ಅಕ್ಷರದ ಅಂಚಲ್ಲಿ ಸಣ್ಣದೊಂದು ಉಬ್ಬು ಉಳಿಯುತ್ತೆ. ಮೂಲ ಲೇಪ ಇರುವ ಕೋಲ್ಟ್ ರಿವಾಲ್ವರ್‌ಗಳಲ್ಲಿ ಬೆಳಕನ್ನು ಓರೆಯಾಗಿ ಬಿಟ್ಟರೆ ಈ ಉಬ್ಬು ಕಾಣುತ್ತೆ. ಮತ್ತೆ ಪಾಲಿಶ್ ಮಾಡಿದ್ರೆ ಮೊದಲು ಹೋಗೋದು ಅದೇ. ಆಮೇಲೆ ಅಕ್ಷರದ ತೆಳು ಗೆರೆಗಳು ಮಾಯ ಆಗ್ತವೆ. ಒಂದು ಪದದ ಮೊದಲ ಅಕ್ಷರ ಆಳ, ಕೊನೆಯದು ತೇಲಿಸಿದ ಹಾಗೆ ಇದ್ದರೆ, ಚಕ್ರ ಆ ತುದಿಯಲ್ಲಿ ಹೆಚ್ಚು ಹೊತ್ತು ಓಡಿದೆ ಅಂತ ಅನುಮಾನ ಪಡಬಹುದು.

ಸ್ಕ್ರೂ ತೂತುಗಳು ಇನ್ನೂ ಒಳ್ಳೆ ಸಾಕ್ಷಿ. ಕಾರ್ಖಾನೆಯಲ್ಲಿ ನುರಿತವರು ಗಟ್ಟಿ ಚಕ್ರದ ಮೇಲೆ ಪಾಲಿಶ್ ಮಾಡ್ತಿದ್ರು. ಚಪ್ಪಟೆ ಜಾಗ ಚಪ್ಪಟೆಯಾಗೇ ಉಳೀತಿತ್ತು, ಅಂಚು ಚೂಪಾಗಿರುತ್ತಿತ್ತು. ಸಣ್ಣ ಅಂಗಡಿಯ ಮೆತ್ತನೆ ಬಟ್ಟೆ ಚಕ್ರ ಹಾಗಲ್ಲ, ತೂತು ಸಿಕ್ಕಿದ ಕಡೆ ಒಳಗೆ ಇಳಿಯುತ್ತೆ. ತೂತಿನ ಬಾಯಿ ತಟ್ಟೆ ಥರ ತಗ್ಗಾಗುತ್ತೆ. ಸ್ಮಿತ್ ಅಂಡ್ ವೆಸನ್ ಫ್ರೇಮಿನ ಪಕ್ಕದ ಮುಚ್ಚಳದ ಕೂಡುಗೆರೆ ಮೂಲದಲ್ಲಿ ಕೂದಲೆಳೆಯಷ್ಟೂ ಕಾಣದ ಹಾಗೆ ಕೂತಿರುತ್ತೆ. ಆ ಗೆರೆ ಕಾಲುವೆ ಥರ ಎದ್ದು ಕಂಡರೆ ಅದರ ಎರಡೂ ದಡವನ್ನು ಯಾರೋ ಸವೆಸಿದ್ದಾರೆ. ಇದಕ್ಕೆ ಉಲ್ಟಾ ತಪ್ಪೂ ಇದೆ: ತುಕ್ಕು ತಿಂದ ಗುಳಿಗಳನ್ನು ಹಾಗೇ ಬಿಟ್ಟು ಮೇಲೆ ನಿಕಲ್ ಹಾಕಿರೋದು. ಹೊಸ ಉಕ್ಕಿಗೆ ಲೇಪ ಹಾಕುವ ಕಾರ್ಖಾನೆಯಲ್ಲಿ ಗುಳಿ ಎಲ್ಲಿಂದ ಬರಬೇಕು? ಹೊಳಪಿನ ಅಡಿಯಲ್ಲಿ ಗುಳಿ ಕಂಡರೆ ತುಕ್ಕು ಮೊದಲು ಬಂತು, ನಿಕಲ್ ಆಮೇಲೆ ಬಂತು, ಅಷ್ಟೇ.

ನಮ್ಮ ಆ ಎರಡು ಫೋಟೋಗಳ ವಿಷಯ ತೀರ್ಮಾನ ಆಗಿದ್ದು ಮಾತ್ರ ಇನ್ನೂ ಸುಲಭವಾಗಿ. ಅವು ಮಧ್ಯದಲ್ಲಿ ಮಡಚಿ ತೆರೆಯುವ .38 ಮಾದರಿಗಳು. ಸ್ಪ್ರಿಂಗ್‌ಫೀಲ್ಡಿನ ಕಾರ್ಖಾನೆ ಇವಕ್ಕೆ ನಿಕಲ್ ಹಾಕಿದಾಗಲೂ ಟ್ರಿಗರ್ ಗಾರ್ಡನ್ನು ನೀಲಿ ಬಣ್ಣದಲ್ಲೇ ಬಿಡ್ತಿತ್ತು. ಹ್ಯಾಮರ್, ಟ್ರಿಗರ್ ಎರಡೂ ಕೇಸ್ ಹಾರ್ಡನ್ ಆಗಿ, ಎಣ್ಣೆ ಬಿದ್ದ ನೀರಿನ ಹಾಗೆ ಕಂದು, ನೀಲಿ, ಬೂದಿ ಬಣ್ಣ ಬೆರೆತಿರ್ತಿದ್ದವು. ವಿಶೇಷ ಆರ್ಡರ್‌ಗಳ ಮಾತು ಬೇರೆ. ನಮ್ಮ ಹೊಳೆಯುವ ಸುಂದರಿಯಲ್ಲಿ ಗಾರ್ಡು, ಹ್ಯಾಮರು, ಟ್ರಿಗರು ಎಲ್ಲಾ ಒಂದೇ ಬೆಳ್ಳಿ. ಬಿಚ್ಚಿದ ಭಾಗಗಳನ್ನೆಲ್ಲ ಒಟ್ಟಿಗೆ ತೊಟ್ಟಿಗೆ ಮುಳುಗಿಸಿದವರಿಗೆ ಯಾವುದನ್ನು ಬಿಡಬೇಕು ಅನ್ನೋದು ಗೊತ್ತಿರಲಿಲ್ಲ. ಮಂಕಾದ ರಿವಾಲ್ವರಿನ ಗಾರ್ಡ್ ಮೇಲೆ ಸವೆದ ನೀಲಿ ಇನ್ನೂ ಉಳಿದಿತ್ತು.

ಇನ್ನು ಕ್ರೋಮಿಯಂ. ನಿಕಲ್ ಲೇಪಕ್ಕೆ ಐಸಾಕ್ ಆಡಮ್ಸ್ ಅಮೆರಿಕದಲ್ಲಿ ಪೇಟೆಂಟ್ ಪಡೆದಿದ್ದು 1869ರಲ್ಲಿ. ಕ್ರೋಮಿಯಂ ವ್ಯಾಪಾರಕ್ಕೆ ಬಂದಿದ್ದು 1920ರ ದಶಕದ ನಡುವೆ. ಹಾಗಾಗಿ 1890ರ ರಿವಾಲ್ವರ್ ಮೇಲೆ ಕ್ರೋಮ್ ಇದ್ದರೆ ಚರ್ಚೆ ಅಲ್ಲಿಗೆ ಮುಗೀತು. ಬಣ್ಣದಲ್ಲಿ ನಿಕಲ್ ಸ್ವಲ್ಪ ಹಳದಿ ಕಡೆ, ಕ್ರೋಮ್ ತಣ್ಣನೆ ನೀಲಿ ಕಡೆ. ಆದರೆ ಫೋಟೋದಲ್ಲಿ ಇದನ್ನು ನಂಬಬೇಡಿ, ಟ್ಯೂಬ್‌ಲೈಟ್ ಕೆಳಗೆ ಎಲ್ಲವೂ ಕ್ರೋಮೇ. ಇಲ್ಲಿ ನೆರವಿಗೆ ಬರೋದು ನಾವು ಎರಡು ಅಂಕಕ್ಕೆ ಬಾಯಿಪಾಠ ಮಾಡಿದ ಥ್ರೋಯಿಂಗ್ ಪವರ್. ಕ್ರೋಮಿಯಂ ತೊಟ್ಟಿಗೆ ಆ ಶಕ್ತಿ ಬಹಳ ಕಮ್ಮಿ. ಕರೆಂಟ್ ಕಡಿಮೆ ತಲುಪುವ ಮೂಲೆಗೆ ಲೋಹ ಹೋಗಿ ಕೂರಲ್ಲ. ಸಿಲಿಂಡರಿನ ತೋಡು, ಗಾರ್ಡಿನ ಒಳಮೂಲೆ ಇಂಥ ಕಡೆ ಅಡಿಯ ನಿಕಲ್ಲಿನ ಹಳದಿ ಛಾಯೆ ಇಣುಕಿದರೆ, ಹೊರಗಿನದು ಕ್ರೋಮ್ ಅಂತ ಊಹಿಸಬಹುದು.

ನೀಲಿ ಲೇಪದ ವಿಷಯ ಇನ್ನೂ ಕಷ್ಟ, ಯಾಕಂದ್ರೆ ಅದು ಹೊರಗಿಂದ ಬಂದ ಲೋಹ ಅಲ್ಲ, ಉಕ್ಕೇ ಬದಲಾಗಿ ಆದ ಮ್ಯಾಗ್ನಟೈಟ್. ಹಳೆ ಕಾರ್ಖಾನೆಗಳು ಕುಲುಮೆಯಲ್ಲಿ ಇದ್ದಿಲು, ಎಣ್ಣೆ ಬಳಸಿ ಆ ಬಣ್ಣ ತರುತ್ತಿದ್ದವು. ಇವತ್ತಿನ ಅಂಗಡಿಗಳಲ್ಲಿ ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟ್ ಉಪ್ಪುಗಳ ದ್ರಾವಣ ಸುಮಾರು 140 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತೆ. ಅದರಿಂದ ಬರೋ ಬಣ್ಣ ಕಪ್ಪಿನ ಕಡೆ ವಾಲುತ್ತೆ, ಕೆಲವು ಉಕ್ಕುಗಳ ಮೇಲೆ ನೇರಳೆ ಹಣ್ಣಿನ ಛಾಯೆಗೂ ತಿರುಗುತ್ತೆ. ಬರೀ ಬಣ್ಣ ನೋಡಿ ತೀರ್ಪು ಕೊಡೋಕೆ ನಮಗೆ ಧೈರ್ಯ ಇಲ್ಲ. ಮತ್ತೆ ಅದೇ ತೂತು, ಅಂಚು, ಅಕ್ಷರಕ್ಕೇ ವಾಪಸ್ ಹೋಗ್ತೀವಿ.

ಒಂದು ತೊಡಕು ಹೇಳದೆ ಬಿಡೋ ಹಾಗಿಲ್ಲ. ರಿಪೇರಿಗೆ ವಾಪಸ್ ಹೋದ ರಿವಾಲ್ವರ್‌ಗಳಿಗೆ ಕಾರ್ಖಾನೆಯೇ ಮರುಲೇಪ ಮಾಡಿರುವುದೂ ಉಂಟು. ಕೆಲಸ ಅಷ್ಟೇ ಅಚ್ಚುಕಟ್ಟು. ಹಾಗಾದ್ರೆ ಅದು ಕಾರ್ಖಾನೆಯದ್ದು ಹೌದು, ಮೂಲದ್ದು ಅಲ್ಲ. ಸ್ಮಿತ್ ಅಂಡ್ ವೆಸನ್ ಆದರೆ ಹಿಡಿಯ ತಳದಲ್ಲಿ ಸೀರಿಯಲ್ ನಂಬರ್ ಪಕ್ಕ ಪುಟ್ಟ ನಕ್ಷತ್ರ, ಹಿಡಿಯ ಹಲಗೆ ತೆಗೆದರೆ ಒಳಗೆ ತಿಂಗಳು, ವರ್ಷದ ಅಂಕಿ ಸಿಗಬಹುದು. ಕೋಲ್ಟ್ ಮತ್ತು ಸ್ಮಿತ್ ಅಂಡ್ ವೆಸನ್ ಎರಡರ ಹಳೆ ದಾಖಲೆಗಳಿಂದಲೂ ಪತ್ರ ತರಿಸಬಹುದು. ಆ ಸೀರಿಯಲ್ ನಂಬರ್ ಯಾವ ಲೇಪದೊಂದಿಗೆ ಹೊರಟಿತು ಅಂತ ಅದರಲ್ಲಿರುತ್ತೆ. ಪತ್ರದಲ್ಲಿ ನೀಲಿ, ಕೈಯಲ್ಲಿ ನಿಕಲ್ ಅಂದ್ರೆ ಪ್ರಶ್ನೆ ಮುಗೀತು. ಪತ್ರದಲ್ಲೂ ನೀಲಿ, ಕೈಯಲ್ಲೂ ನೀಲಿ ಆದರೆ ಕೆಲಸ ಈಗಷ್ಟೇ ಶುರು, ಅದೇ ನೀಲಿಯನ್ನು ಎರಡನೇ ಸಲ ಹಾಕಿಲ್ಲ ಅಂತ ಪತ್ರ ಹೇಳಲ್ಲ.

ಕೊನೆಗೆ ನಿಮಗೊಂದು ಅಭ್ಯಾಸ. ಎರಡನೇ ಮಹಾಯುದ್ಧದ ಸ್ಮಿತ್ ಅಂಡ್ ವೆಸನ್ ವಿಕ್ಟರಿ ಮಾದರಿ, ಸೀರಿಯಲ್ ನಂಬರ್ ‘ವಿ’ ಅಕ್ಷರದಿಂದ ಶುರು. ಇವು ಬ್ರಿಟನ್ ಮತ್ತು ಕಾಮನ್‌ವೆಲ್ತ್ ಸೈನ್ಯಗಳಿಗೆ ದೊಡ್ಡ ಸಂಖ್ಯೆಯಲ್ಲಿ ಹೋದವು. ಯುದ್ಧದ ಅವಸರದಲ್ಲಿ ಮಾಡಿದ್ದು, ನುಣುಪಿಲ್ಲ, ಮೇಲೆ ಮಂಕು ಬೂದು ಫಾಸ್ಫೇಟ್. ಅಂಥದ್ದೊಂದು ಕನ್ನಡಿ ಥರ ನಿಕಲ್ ಹಾಕಿಸಿಕೊಂಡು ನಿಮ್ಮ ಪರದೆ ಮೇಲೆ ಬಂದಿದೆ ಅಂದುಕೊಳ್ಳಿ. ಫ್ರೇಮಿನ ಮೇಲ್ಪಟ್ಟಿಯಲ್ಲಿ ‘ಯುನೈಟೆಡ್ ಸ್ಟೇಟ್ಸ್ ಪ್ರಾಪರ್ಟಿ’ ಅಂತ ಒತ್ತಿದ್ದ ಸಾಲನ್ನು ದೊಡ್ಡದು ಮಾಡಿ ನೋಡಿ, ಅದರಲ್ಲಿ ಎಷ್ಟು ಅಕ್ಷರ ಪೂರ್ತಿ ಉಳಿದಿವೆ ಅಂತ ಎಣಿಸಿ.