ನೀಲಿ ಮಾತ್ರೆ ಮತ್ತು ಬಿಸಿಯೂಟ: ಯಾವುದು ಯೋಜನೆ, ಯಾವುದು ಹಕ್ಕು?

ಸರ್ಕಾರಿ ಶಾಲೆಯಲ್ಲಿ ಏಳನೇ ತರಗತಿ ಓದುವ ಹುಡುಗಿಗೆ ವಾರಕ್ಕೊಂದು ನೀಲಿ ಮಾತ್ರೆ, ಮಧ್ಯಾಹ್ನ ಬಿಸಿಯೂಟ. ಎರಡೂ ನಿಂತುಹೋದವು ಅನ್ನಿ. ತಾಯಿ ಯಾರನ್ನು ಕೇಳಬೇಕು? ಎರಡಕ್ಕೂ ಒಂದೇ ಬಾಗಿಲಲ್ಲ. ಊಟದ ಬೆನ್ನಿಗೆ ಸಂಸತ್ತಿನ ಕಾಯ್ದೆ ನಿಂತಿದೆ, ಮಾತ್ರೆಯ ಬೆನ್ನಿಗಿರುವುದು ಆರೋಗ್ಯ ಇಲಾಖೆಯ ಮಾರ್ಗಸೂಚಿ. ಈ ವ್ಯತ್ಯಾಸ ಗೊತ್ತಿಲ್ಲದೆ ಬರೆದ ಅರ್ಜಿ ಮೇಜಿನಿಂದ ಮೇಜಿಗೆ ಅಲೆಯುತ್ತದೆ.

ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ 59.1, ಹುಡುಗರಲ್ಲಿ ಶೇ 31.1 ಮಂದಿಗೆ ರಕ್ತಹೀನತೆ ಇದೆ. ದಿಢೀರನೆ ಎತ್ತರ ಬೆಳೆಯುವ ಕಾಲ, ತಿಂಗಳ ಮುಟ್ಟು, ಹೊಟ್ಟೆಯ ಕೊಕ್ಕೆಹುಳು, ಸೊಪ್ಪು ಕಾಳು ಕಡಿಮೆಯಾದ ತಟ್ಟೆ, ಎಲ್ಲ ಸೇರಿ ಕಬ್ಬಿಣದಂಶ ಇಳಿಯುತ್ತದೆ. ಊಟವಾದ ಕೂಡಲೇ ಕಾಫಿ ಕುಡಿಯುವ ನಮ್ಮ ಮಲೆನಾಡಿನ ಅಭ್ಯಾಸವೂ ಉಂಡದ್ದರಲ್ಲಿನ ಕಬ್ಬಿಣ ಮೈಗೆ ಹತ್ತದಂತೆ ಮಾಡುತ್ತದೆ. ಹುಡುಗಿಯರಿಗೆ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕೆಳಗಿದ್ದರೆ, 15 ದಾಟಿದ ಹುಡುಗರಿಗೆ 13ಕ್ಕಿಂತ ಕೆಳಗಿದ್ದರೆ ರಕ್ತಹೀನತೆ. 8ಕ್ಕಿಂತ ಕೆಳಗೆ ಹೋದರೆ ತೀವ್ರ. ಮೆಟ್ಟಿಲು ಹತ್ತಿದರೆ ಏದುಸಿರು, ಪುಸ್ತಕ ಹಿಡಿದರೆ ತೂಕಡಿಕೆ. ಮನೆಯಲ್ಲಿ ಇದಕ್ಕೆ ಸೋಮಾರಿತನವೆಂದೋ ಮೊಬೈಲ್ ಚಟವೆಂದೋ ಬೈಗುಳ ಸಿಗುತ್ತದೆಯೇ ಹೊರತು ರಕ್ತಪರೀಕ್ಷೆ ಸಿಗುವುದು ಕಡಿಮೆ.

ಮೊದಲು ಊಟ. ಪಿಯುಸಿಎಲ್ ಸಂಘಟನೆ ಹೂಡಿದ ಮೊಕದ್ದಮೆಯಲ್ಲಿ 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್, ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕೆಂದು ಆದೇಶಿಸಿತು. ಮರುವರ್ಷವೇ ಕರ್ನಾಟಕದಲ್ಲಿ ಅಕ್ಷರ ದಾಸೋಹ ಶುರುವಾಯಿತು. ಕೋರ್ಟಿನ ಆದೇಶವಾಗಿದ್ದ ಊಟ 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 5ನೇ ಕಲಮಿನಿಂದ ಮಗುವಿನ ಹಕ್ಕಾಯಿತು. ಆರರಿಂದ ಎಂಟನೇ ತರಗತಿಯ ಮಗುವಿಗೆ ದಿನದ ಊಟದಲ್ಲಿ 700 ಕ್ಯಾಲೊರಿ, 20 ಗ್ರಾಂ ಪ್ರೋಟೀನ್ ಇರಬೇಕೆಂದು ಅದರ ಅನುಸೂಚಿ ಹೇಳುತ್ತದೆ. ತಲೆಗೆ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ ಎಂಬುದು ಯೋಜನೆಯ ಅಳತೆ. ಸಾರಿನಲ್ಲಿ ಬೇಳೆ ಹುಡುಕಬೇಕಾದ ಸ್ಥಿತಿಯಿದ್ದರೆ ಈ ಅಂಕಿಗಳನ್ನು ಮುಂದಿಟ್ಟೇ ಮಾತಾಡಿ.

2015ರ ಮಧ್ಯಾಹ್ನದ ಊಟದ ನಿಯಮಗಳಲ್ಲಿ ಹೆಚ್ಚಿನ ಪೋಷಕರಿಗೆ ಗೊತ್ತಿಲ್ಲದ ಒಂದು ಅಂಶವಿದೆ. ಶಾಲೆಯಿದ್ದ ದಿನ ಅಕ್ಕಿ ಬಂದಿಲ್ಲ, ಗ್ಯಾಸ್ ಮುಗಿದಿದೆ, ಅಡುಗೆಯವರು ರಜೆ, ಕಾರಣ ಏನೇ ಇರಲಿ ಊಟ ತಪ್ಪಿದರೆ, ಅಷ್ಟು ಧಾನ್ಯ ಮತ್ತು ಅಡುಗೆ ವೆಚ್ಚವನ್ನು ಆಹಾರ ಭದ್ರತಾ ಭತ್ಯೆಯಾಗಿ ಮುಂದಿನ ತಿಂಗಳ 15ರೊಳಗೆ ಮಗುವಿಗೆ ಕೊಡಬೇಕು. ಸತತ ಮೂರು ದಿನ, ಇಲ್ಲವೇ ತಿಂಗಳಲ್ಲಿ ಐದು ದಿನ ತಪ್ಪಿದರೆ ಹೊಣೆ ಯಾರದೆಂದು ಸರ್ಕಾರ ಗೊತ್ತುಮಾಡಬೇಕು. ಊಟ ಇದ್ದೂ ಮಗು ಉಣ್ಣದಿದ್ದರೆ ಭತ್ಯೆ ಇಲ್ಲ. ಗುಣಮಟ್ಟ ಸರಿಯಿಲ್ಲವೆಂಬ ಕಾರಣಕ್ಕೂ ಭತ್ಯೆ ಕೇಳುವಂತಿಲ್ಲ. ಅದಕ್ಕೆ ದೂರೇ ದಾರಿ. ಮೊದಲು ಮುಖ್ಯ ಶಿಕ್ಷಕರಿಗೂ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೂ (ಎಸ್‌ಡಿಎಂಸಿ) ಬರೆದು ಕೊಡಿ, ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ. ಅಲ್ಲಿ ಬಗೆಹರಿಯದಿದ್ದರೆ ತಾಲ್ಲೂಕಿನ ಅಕ್ಷರ ದಾಸೋಹ ಅಧಿಕಾರಿ, ಆಮೇಲೆ ಕಾಯ್ದೆಯ 15ನೇ ಕಲಮಿನ ಜಿಲ್ಲಾ ಕುಂದುಕೊರತೆ ನಿವಾರಣಾ ಅಧಿಕಾರಿ. ಅಲ್ಲಿಂದ ಮೇಲ್ಮನವಿ ರಾಜ್ಯ ಆಹಾರ ಆಯೋಗಕ್ಕೆ ಹೋಗುತ್ತದೆ. ಜಿಲ್ಲಾ ಅಧಿಕಾರಿ ಶಿಫಾರಸು ಮಾಡಿದ ಪರಿಹಾರವನ್ನು ಸಕಾರಣವಿಲ್ಲದೆ ಕೊಡದ ನೌಕರನಿಗೆ ಆಯೋಗ ₹5,000ದವರೆಗೆ ದಂಡ ಹಾಕಬಹುದು.

ಕಾಯ್ದೆಯ ಕೈ ಎಂಟನೇ ತರಗತಿಗೆ ನಿಲ್ಲುತ್ತದೆ. ಒಂಬತ್ತು, ಹತ್ತಕ್ಕೆ ರಾಜ್ಯ ಸರ್ಕಾರ ತನ್ನ ಖರ್ಚಿನಲ್ಲಿ ಊಟ ಹಾಕುತ್ತಿದೆ. ಮೊಟ್ಟೆ, ಅದು ಬೇಡವೆಂದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿ ಕೊಡುವುದೂ ರಾಜ್ಯದ ತೀರ್ಮಾನ. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಷನ್ನಿನ ನೆರವಿನಿಂದ ಅದು ವಾರಕ್ಕೆ ಆರು ದಿನವಾಯಿತು. ಪಿಯು ಮೆಟ್ಟಿಲು ಹತ್ತಿದವರಿಗೆ ಈ ಕಾಯ್ದೆಯಲ್ಲಿ ಊಟದ ಹಕ್ಕಿಲ್ಲ. ಹದಿನಾರು ಹದಿನೇಳರಲ್ಲಿ, ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಖಾಲಿ ಹೊಟ್ಟೆಯಲ್ಲಿ ಶಿವಮೊಗ್ಗಕ್ಕೋ ಭದ್ರಾವತಿಗೋ ಬರುವ ವಯಸ್ಸಿನಲ್ಲಿ ಕಾನೂನು ಕೈಬಿಡುವುದು ನನಗೆ ಸರಿ ಕಂಡಿಲ್ಲ.

ಮಾತ್ರೆಯ ಲೆಕ್ಕ ಬೇರೆ. ವಾರಕ್ಕೊಮ್ಮೆ ಕಬ್ಬಿಣ ಮತ್ತು ಫೋಲಿಕ್ ಆಮ್ಲ ಕೊಡುವ ಕಾರ್ಯಕ್ರಮ ಸರ್ಕಾರಿ, ಅನುದಾನಿತ ಸಂಸ್ಥೆಗಳಲ್ಲಿ ಆರರಿಂದ ಹನ್ನೆರಡನೇ ತರಗತಿಯವರೆಗಿನವರಿಗೆ, ಅಂದರೆ ಪಿಯುವಿನವರಿಗೂ ಅನ್ವಯಿಸುತ್ತದೆ. ಶಾಲೆ ಬಿಟ್ಟ ಹುಡುಗಿಯರಿಗೆ ಅಂಗನವಾಡಿಯಲ್ಲಿ ಸಿಗಬೇಕು. 2018ರ ಅನೀಮಿಯಾ ಮುಕ್ತ ಭಾರತ ಮಾರ್ಗಸೂಚಿಯಂತೆ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಜೊತೆಗೆ ವರ್ಷಕ್ಕೆ ಎರಡು ಸಲ ಜಂತುಹುಳುವಿನ ಮಾತ್ರೆ. ಶಿವಮೊಗ್ಗದ ರವೀಂದ್ರನಗರದಂಥ ಬಡಾವಣೆಯಲ್ಲಿ ಅನುದಾನರಹಿತ ಖಾಸಗಿ ಶಾಲೆಗೆ ಹೋಗುವ ಮಕ್ಕಳು ಊಟ, ಮಾತ್ರೆ ಎರಡರ ಲೆಕ್ಕದಿಂದಲೂ ಹೊರಗೆ. ಅವರ ಪೋಷಕರೇ ನಗರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಹದಿಹರೆಯದವರ ಸ್ನೇಹ ಕ್ಲಿನಿಕ್ಕಿಗೆ ಅಥವಾ ಮೆಗ್ಗಾನ್ ಆಸ್ಪತ್ರೆಗೆ ಕರೆದೊಯ್ಯಬೇಕು. ಕಾಸಿರುವ ಮನೆ, ಹಾಗಾಗಿ ರಕ್ತ ಸರಿಯಿದೆ ಅಂದುಕೊಳ್ಳುವಂತಿಲ್ಲ.

ಮಾತ್ರೆ ಬರುತ್ತಿಲ್ಲವೆಂದರೆ ಆಹಾರ ಆಯೋಗಕ್ಕೆ ಬರೆದು ಫಲವಿಲ್ಲ. ತಾಲ್ಲೂಕು ಆರೋಗ್ಯಾಧಿಕಾರಿಗೆ ದೂರು ಕೊಟ್ಟು, ಜೊತೆಗೇ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ₹10ರ ಪೋಸ್ಟಲ್ ಆರ್ಡರ್ ಸಾಕು, ಬಿಪಿಎಲ್ ಕಾರ್ಡಿದ್ದರೆ ಅದೂ ಬೇಡ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ‘ಏಕೆ ಕೊಡುತ್ತಿಲ್ಲ’ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಇಂಥ ತಿಂಗಳಿಂದ ಇಂಥ ತಿಂಗಳವರೆಗೆ ಈ ಶಾಲೆಗೆ ಪೂರೈಸಿದ ಮಾತ್ರೆಗಳೆಷ್ಟು, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ, ವಿತರಣಾ ರಿಜಿಸ್ಟರಿನ ಒಟ್ಟು ಸಂಖ್ಯೆಗಳ ನಕಲು ಎಂದು ಕೇಳಿ. ಮಕ್ಕಳ ಹೆಸರು ಕೇಳಬೇಡಿ, ಅದು ಖಾಸಗಿ ಮಾಹಿತಿ. ಅರ್ಜಿ ತಪ್ಪು ಕಚೇರಿಗೆ ಹೋದರೆ ಐದು ದಿನದಲ್ಲಿ ಸರಿಯಾದ ಕಚೇರಿಗೆ ಕಳಿಸುವುದು ಅವರದೇ ಕೆಲಸ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಸಲ್ಲಿಸಿ.

ಇನ್ನು ಪರೀಕ್ಷೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಸರ್ಕಾರಿ, ಅನುದಾನಿತ ಶಾಲೆಗಳಲ್ಲಿ 18 ವರ್ಷದವರೆಗಿನ ಮಕ್ಕಳನ್ನು ತಪಾಸಣೆ ಮಾಡುತ್ತದೆ. ತೀವ್ರ ರಕ್ತಹೀನತೆ ಕಂಡರೆ ಮುಂದಿನ ಚಿಕಿತ್ಸೆ ಉಚಿತ. ಯಾರ ರಕ್ತ ಎಷ್ಟು ಎಂದು ತರಗತಿಯಲ್ಲಿ ಗಟ್ಟಿಯಾಗಿ ಓದುವುದು ತಪ್ಪು. ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆಯೇ. ಚಿಕಿತ್ಸೆಯ ದಾಖಲೆ ಕೇಳಿದರೆ ವೈದ್ಯರು 72 ಗಂಟೆಯೊಳಗೆ ಕೊಡಬೇಕು. ಖಾಸಗಿ ಆಸ್ಪತ್ರೆ, ಲ್ಯಾಬುಗಳು ಕಾನೂನಿನಂತೆ ದರಪಟ್ಟಿ ತೂಗುಹಾಕಬೇಕು. ದೂರಿದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರ ಕೇಳುತ್ತದೆ. ಹಣ ಕೊಟ್ಟು ಮಾಡಿಸಿದ ಪರೀಕ್ಷೆ ತಪ್ಪಾದರೆ ಗ್ರಾಹಕರ ಆಯೋಗಕ್ಕೂ ಹೋಗಬಹುದು. ಉಚಿತ ಮಾತ್ರೆಗೆ ಆ ದಾರಿಯಿಲ್ಲ.

ಮಾತ್ರೆ ನುಂಗಿಯೂ ರಕ್ತ ಏರದಿದ್ದರೆ ಡೋಸ್ ಹೆಚ್ಚಿಸಿಕೊಳ್ಳದೆ ವೈದ್ಯರನ್ನು ಕಾಣಿ. ಕಾರಣ ಥಲಸ್ಸೀಮಿಯಾ ಅಥವಾ ಸಿಕಲ್ ಸೆಲ್ ಆಗಿರಬಹುದು. ಇವೆರಡೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿವೆ, ಹಾಗಾಗಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು.

ಅರ್ಜಿ ಬರೆಯಲು ಬಾರದಿದ್ದರೆ, ಮಹಿಳೆಯರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಕೊಡಬೇಕೆಂದು 1987ರ ಕಾನೂನು ಸೇವೆಗಳ ಕಾಯ್ದೆಯ 12ನೇ ಕಲಮು ಹೇಳುತ್ತದೆ. ಶಿವಮೊಗ್ಗದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ಭದ್ರಾವತಿಯಲ್ಲಿ ತಾಲ್ಲೂಕು ಸಮಿತಿ, ಫೋನಿಗೆ 15100. ಹೋಗುವಾಗ ಮೊಹರು ಬಿದ್ದ ಹಳೆಯ ಅರ್ಜಿಯ ಪ್ರತಿ ಕೈಯಲ್ಲಿರಲಿ.